ದುರ್ಗಾಂಬಳ ಸಂಬಳ

ಬಂದರಿನ ಬಳಿಯ ಕಲ್ಲಿದ್ದಲು ಸಾಗಣೆ ಕಚೇರಿಯಲ್ಲಿ ದುರ್ಗಾಂಬಳಿಗೆ ಟೆಲೆಕ್ಸ್ ಕೆಲಸ ಕಲಿಸಿದವಳೇ ಸುಶೀಲಾ. ಧಾರವಾಡದಿಂದ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವಳು. ಅವಳ ಬೆರಳು ಕೀಲಿಗಳ ಮೇಲೆ ಓಡಿದರೆ ಬಂದವರು ನಿಂತು ನೋಡುತ್ತಿದ್ದರು. ದುರ್ಗಾಂಬಳ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರೇ. ಅರ್ಧ ತೆಲುಗು ಬೆರೆತ ಕನ್ನಡದಲ್ಲಿ ಅಕ್ಕಾ ಅಕ್ಕಾ ಎನ್ನುತ್ತ ಸುಶೀಲಾಳ ಬೆನ್ನು ಬಿಡುತ್ತಿರಲಿಲ್ಲ.

೧೯೮೬ರಲ್ಲಿ ದ್ವಾರಕಾ ನಗರದ ಹೊಸ ಶಿಪ್ಪಿಂಗ್ ಕಚೇರಿಯೊಂದಕ್ಕೆ ಇಬ್ಬರು ಆಪರೇಟರುಗಳು ಬೇಕಾದರು. ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು. ಮ್ಯಾನೇಜರ್ ರಾಮಮೋಹನ್ ಮೊದಲು ಸುಶೀಲಾಳನ್ನು ಕರೆದು, "ಈಗ ಎಷ್ಟು ಕೊಡುತ್ತಿದ್ದಾರೆ?" ಎಂದರು. ಅವಳು ಇದ್ದದ್ದನ್ನು ಇದ್ದ ಹಾಗೆ, "ಒಂಬೈನೂರು" ಎಂದಳು. ಅವರು ಅದಕ್ಕೆ ನೂರೈವತ್ತು ಸೇರಿಸಿದರು. ಅವಳು ಖುಷಿಯಿಂದಲೇ ಹೊರಬಂದಳು. ಕೆಲಸ ಇಬ್ಬರಿಗೂ ಆಯಿತು.

ತಿಂಗಳ ಕೊನೆಗೆ ಸಂಬಳದ ಪುಸ್ತಕಕ್ಕೆ ಸಹಿ ಹಾಕುವಾಗ ಸುಶೀಲಾಳ ಕಣ್ಣು ಕೆಳಗಿನ ಸಾಲಿನ ಮೇಲೆ ಬಿತ್ತು. ದುರ್ಗಾಂಬ, ಸಾವಿರದ ನಾಲ್ಕುನೂರು. ಹಳೆಯ ಕಚೇರಿಯಲ್ಲಿ ಆ ಹುಡುಗಿಗೆ ಬರುತ್ತಿದ್ದುದು ಬರೀ ಆರುನೂರು.

ಅಂದಿನಿಂದ ಸುಶೀಲಾಳಿಗೆ ಅವಳ ಹೊಸ ಚಪ್ಪಲಿ ಕಂಡರೂ ಹೊಟ್ಟೆ ಉರಿಯತೊಡಗಿತು. ಒಂದು ದಿನ ದುರ್ಗಾಂಬ ಹಡಗು ಬರುವ ತಾರೀಕನ್ನು ಮೂವತ್ತೊಂದರ ಬದಲು ಹದಿಮೂರೆಂದು ಹೊಡೆದಳು. ಸುಶೀಲಾ ನೋಡಿದಳು, ಸುಮ್ಮನಿದ್ದಳು. ಸಂದೇಶ ಹೋಯಿತು, ದುರ್ಗಾಂಬ ಎಲ್ಲರೆದುರು ಬೈಸಿಕೊಂಡಳು. ಅವತ್ತು ಸುಶೀಲಾಳಿಗೆ ಮಧ್ಯಾಹ್ನದ ಊಟ ರುಚಿಸಿತು.

ಗಂಡ ಜಯರಾಮನಿಗೆ ಕೇಳಿ ಕೇಳಿ ಸಾಕಾಯಿತು. "ದಿನಾ ನನ್ನ ಮುಂದ ಯಾಕ ಹೇಳ್ತಿ? ಮ್ಯಾನೇಜರ್ ಮುಂದ ಅಕಿ ಏನ್ ಹೇಳಿದ್ಲು ಅಂತ ಅಕಿನ್ನ ಕೇಳು."

ಕೇಳಿದಳು. ದುರ್ಗಾಂಬ ತಲೆ ತಗ್ಗಿಸಿದಳು. "ಆರುನೂರು ಅನ್ನೋಕೆ ಸಿಗ್ಗಾಯ್ತು ಅಕ್ಕಾ. ಅದು ಅಲ್ಲಿಯ ಕೆಲಸಕ್ಕೆ ಕದಂಡಿ, ಅಲ್ವಾ ಸಾರ್, ಈ ಕೆಲಸಕ್ಕೆ ನೀವು ಎಷ್ಟು ಇಟ್ಟಿದ್ದೀರಿ ಅಂದೆ. ಅವರು ಪೇಪರ್ ನೋಡಿ ಹದಿನಾಲ್ಕು ನೂರು ಅಂದ್ರು, ಅಷ್ಟೇ."

ಜಾಣತನ ಮಾಡಿದ್ದರೆ ಮನಸಾರೆ ಬೈಯಬಹುದಿತ್ತು. ನಾಚಿಕೆಗೆ ಏನೆಂದು ಬೈಯುವುದು? ರಾಮಮೋಹನರನ್ನು ಕೇಳಿದರೆ, "ನೀವು ಒಪ್ಪಿಯೇ ಬಂದಿರಲ್ಲ" ಎಂದರು. ವರ್ಷ ವರ್ಷ ಇಬ್ಬರಿಗೂ ನೂರಕ್ಕೆ ಹತ್ತರಂತೆ ಏರಿತು. ಅಂತರವೂ ಜೊತೆಗೇ ಏರಿತು.

ಐದು ವರ್ಷದ ಮೇಲೆ ಜಯರಾಮನ ಬಾಯ್ಲರ್ ಕಂಪನಿ ಅವನನ್ನು ವಿಜಯವಾಡದ ಪಕ್ಕದ ಕೊಂಡಪಲ್ಲಿಗೆ ಕಳಿಸಿತು. ಸುಶೀಲಾ ವಿಜಯವಾಡದ ಲಾರಿ ಸಾಗಣೆಯ ಮಾಲೀಕ ಈಶ್ವರಯ್ಯನವರ ಎದುರು ಕುಳಿತಳು. ಅದೇ ಪ್ರಶ್ನೆ ಬಂತು.

"ಅದು ಬೇರೆ ಊರಿನ, ಬೇರೆ ಕೆಲಸದ ಸಂಬಳ," ಎಂದಳು ತೆಲುಗಿನಲ್ಲಿ. "ಈ ಕೆಲಸಕ್ಕೆ ನೀವು ಎಷ್ಟು ಅಂದುಕೊಂಡಿದ್ದೀರಿ?"

"ಮೊದಲು ನಿಮ್ಮದು ಹೇಳಿ."

"ನನ್ನ ಕೆಲಸ ನೋಡಿ, ಆಮೇಲೆ ನೀವೇ ಹೇಳಿ."

ಅವರು ಪುಟದುದ್ದದ ಸಂದೇಶವೊಂದನ್ನು ಮುಂದಿಟ್ಟರು. ಅವಳು ಒಂದು ಅಕ್ಷರವೂ ತಪ್ಪದಂತೆ ಹೊಡೆದಳು. ಈಶ್ವರಯ್ಯ ಎರಡು ಸಾವಿರದ ನಾಲ್ಕುನೂರು ಎಂದರು. ಇನ್ನೂ ಇನ್ನೂರು ಸೇರಿಸಿದರೆ ಸೋಮವಾರವೇ ಬರುತ್ತೇನೆಂದಳು. ಅವರು ಕನ್ನಡಕ ತೆಗೆದು ಒರೆಸಿ, ಆಗಲಿ ಎಂದರು.

ಮೆಟ್ಟಿಲಿಳಿಯುತ್ತ ಅವಳಿಗೆ ಮೊದಲು ಹೊಳೆದದ್ದು, ದುರ್ಗಾಂಬಳ ಈಗಿನ ಸಂಬಳಕ್ಕಿಂತ ಸುಮಾರು ಮುನ್ನೂರೈವತ್ತು ಹೆಚ್ಚು ಎಂಬುದು. ಸೀದಾ ಫೋನ್ ಬೂತಿಗೆ ಹೋಗಿ ವಿಶಾಖಪಟ್ಟಣಕ್ಕೆ ಫೋನ್ ಮಾಡಿ, ಮೊತ್ತವನ್ನು ಬಿಡಿಸಿ ಹೇಳಿದಳು.

"ಚಾಲಾ ಸಂತೋಷ ಅಕ್ಕಾ," ಎಂದಳು ದುರ್ಗಾಂಬ. "ನಿಮಗೆ ಇನ್ನೂ ಬರಬೇಕಿತ್ತು. ಅಲ್ಲಿ ಮನೆ ಸಿಕ್ತಾ?"

ಆ ದನಿಯಲ್ಲಿ ಎಲ್ಲಾದರೂ ಒಂದು ಬಿರುಕಿದೆಯೇ ಎಂದು ಸುಶೀಲಾ ಕಿವಿಗೊಟ್ಟು ಹುಡುಕಿದಳು. ಇರಲಿಲ್ಲ.

ಮನೆಯಲ್ಲಿ ಜಯರಾಮ, "ಏನಂದ್ಲು?" ಎಂದ.

"ಸಂತೋಷ ಅಂದ್ಲು," ಎಂದು ಸುಶೀಲಾ ಸೆರಗು ಸಿಕ್ಕಿಸಿ ಒಳಗೆ ಹೋದಳು. ಅವತ್ತು ಅವಳಿಗೆ ರಾತ್ರಿಯ ಊಟ ರುಚಿಸಲಿಲ್ಲ.