ಕರಿ ಪೆಟ್ಟಿಗೆಯ ಆಣೆ

ನನ್ನ ತಂಗಿ ಸೇವಂತಿಗೆ ಹೆದರಿಕೆ ಅಂದರೆ ಎಂತ ಅಂತ ಮದುವೆಯ ತನಕ ಗೊತ್ತೇ ಇರಲಿಲ್ಲ. ಬೆಳ್ಳಾರೆಯಲ್ಲಿ ನಾವು ಸಣ್ಣವರಿರುವಾಗ ದನದ ಹಟ್ಟಿಗೆ ಹಾವು ಬಂದರೆ ನಾನು ಕಿರುಚಿಕೊಂಡು ಓಡುದು, ಅವಳು ಕೋಲು ಹುಡುಕುದು. ಅಂಥವಳು ಒಂದು ಟಿ.ವಿ. ಆಟದ ದೆಸೆಯಿಂದ ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವ ಹಾಗೆ ಆದಳು. ಅದು ಹೇಗಾಯಿತು ಅಂತ ಹೇಳುತ್ತೇನೆ. ನಡುನಡುವೆ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ. ಈ ವಿಷಯ ಮಾತಾಡುವಾಗ ಅದು ಬಾರದೆ ಇರುದಿಲ್ಲ.

ನಾನು ದೇವಕಿ. ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅದೇ ಕಟ್ಟಡದ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುವ ಸಂಸ್ಥೆ, ಸೇವಂತಿ ಅಲ್ಲಿ ಟೀಚರು. ಅವಳ ಗಂಡ ಚೆನ್ನಕೇಶವ ಕಡಬದ ಕಡೆಯವ, ರೇಡಿಯೋ ಟಿ.ವಿ. ರಿಪೇರಿ ಮಾಡುತ್ತಿದ್ದ. ಜನ ಒಳ್ಳೆಯವನೇ. ಆದರೆ ಖುಷಿಯಾದರೆ ಬಾಯಿಗೆ ಬಾಗಿಲಿಲ್ಲ. ಒಂದು ಕೇಳಿದರೆ ಎರಡು ಕೊಟ್ಟು ಬರುವ ಜಾತಿ. ಅವರಿಗೆ ಒಬ್ಬಳು ಮಗಳು, ಅಪ್ಪಿ ಅಂತ ಕರೆಯುತ್ತಿದ್ದೆವು. ಆಗಿನ್ನೂ ಅಂಬೆಗಾಲಿಡುವ ಕೂಸು.

ಎಂಬತ್ತಾರನೆಯ ಇಸವಿ ಇರಬೇಕು. ನಮ್ಮ ರಸ್ತೆಯಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಶೀನಪ್ಪಣ್ಣ ಕೊಲ್ಲಿಯಿಂದ ಬಂದವರ ಕೈಯಲ್ಲಿ ಒಂದು ಆಟದ ಮಿಷನ್ ತರಿಸಿದರು. ಕಪ್ಪು ಪೆಟ್ಟಿಗೆ, ಮೇಲೆ ಟೈಪ್‌ರೈಟರಿನ ಹಾಗೆ ಒತ್ತುವ ರಬ್ಬರಿನ ಕೀಲಿಗಳು. ಅದನ್ನು ಟಿ.ವಿ.ಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಮೊದಲು ಕೀಂ ಅಂತ ಕೂಗುದು, ಆಮೇಲೆ ಆಟ ಬರುದು. ಮಕ್ಕಳು ಮುಗಿಬಿದ್ದರು. ಮಿಷನ್ ಜೋಡಿಸಲು ಹೋದ ಚೆನ್ನಕೇಶವ ಅದರೊಟ್ಟಿಗೆ ಬಂದ ಇಂಗ್ಲಿಷ್ ಪುಸ್ತಕ ಓದಿ, ಆಟ ನಾವೇ ಕಟ್ಟಬಹುದು ಅಂತ ಕಂಡುಹಿಡಿದ. ಅವ ಓದಿ ಹೇಳುದು, ಸೇವಂತಿ ಟೈಪ್ ಮಾಡುದು. ಹಾಗೆ ಆದದ್ದು ‘ಉಪ್ಪಿನಂಗಡಿ ಬಸ್ಸು’. ಅಲ್ಲಿ ಬಂದು ಕೂಡುವ ಎರಡು ಹೊಳೆಯ ನೀರೂ ಏರಿ ಬರುವಾಗ ಬಸ್ಸನ್ನು ಸೇತುವೆ ದಾಟಿಸಬೇಕು, ಅಷ್ಟೇ ಆಟ. ಮೊದಲ ಸಲ ಬಸ್ಸು ನೀರಿನ ಅಡಿಯಲ್ಲಿ ಆರಾಮವಾಗಿ ಹೋಯಿತಂತೆ. ಅದನ್ನು ಸರಿಮಾಡಿದ್ದು ಸೇವಂತಿ. ಊರಿಗೆಲ್ಲ ಹೆಸರು ಬಂದದ್ದು ಗಂಡನಿಗೆ. ಅವಳಿಗೆ ಅದರ ಬೇಸರ ಇರಲಿಲ್ಲ, ಇದ್ದದ್ದು ನನಗೆ.

ಶೀನಪ್ಪಣ್ಣನಿಗೆ ಆಗಲೇ ಒಂದು ಚಿಂತೆ ಹತ್ತಿತು. ಇವ ನಾಳೆ ಇನ್ನೊಬ್ಬನಿಗೆ ಆಟ ಕಟ್ಟಿಕೊಟ್ಟರೆ?

“ಕಾಗದ ಗೀಗದ ನನಗೆ ಬೇಡ ಮಾರಾಯ, ಕೋರ್ಟಿಗೆ ಅಲೆಯುವವ ಯಾರು? ನಮ್ಮ ಚಾವಡಿಗೆ ಬಾ, ಒಂದು ಮಾತು ಹೇಳು, ಸಾಕು” ಅಂದರು.

ಅವರ ಹಿರಿಯರ ತರವಾಡು ಮನೆಯ ಚಾವಡಿಯಲ್ಲಿ ದೈವದ ಸ್ಥಾನ ಉಂಟು. ಇವ ಹೋದ. ಅಂಗೈಯಲ್ಲಿ ದೈವದ ಗಂಧ ಹಿಡಿದು, ಶೀನಪ್ಪಣ್ಣನ ಕರಿ ಪೆಟ್ಟಿಗೆಗಲ್ಲದೆ ಬೇರೆ ಯಾರ ಮಿಷನಿಗೂ ಆಟ ಕಟ್ಟುದಿಲ್ಲ ಅಂತ ಹೇಳಿದ. ಅಲ್ಲಿಗೆ ನಿಲ್ಲಿಸಬಾರದಾ? “ತಪ್ಪಿದರೆ ನನ್ನ ಸಂತಾನಕ್ಕೆ ತಟ್ಟಲಿ” ಅಂತಲೂ ಸೇರಿಸಿದ! ಶೀನಪ್ಪಣ್ಣ ಕೇಳಿದ್ದಲ್ಲ, ಇವನ ಬಾಯಿಯ ಧಾರಾಳ. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅಂತ ಗಾದೆಯೇ ಉಂಟಲ್ಲ. ನಮ್ಮ ದೈವಗಳೂ ಹಾಗೇ, ಹೇಳಿದ ಮಾತನ್ನು ಮರೆಯುವ ಪೈಕಿ ಅಲ್ಲ. ಸೇವಂತಿ ವಿಷಯ ಕೇಳಿ ಮಗುವನ್ನು ಎತ್ತಿಕೊಂಡು ಅಡುಗೆಕೋಣೆಗೆ ಹೋದಳು.

ಮರುವರ್ಷ ಮೂಸಕುಂಞಿ ಬಂದರು. ದುಬಾಯಿಯಲ್ಲಿ ದುಡಿದು ಬಂದ ಮನುಷ್ಯ, ಶೀನಪ್ಪಣ್ಣನ ಅಂಗಡಿಯ ಎದುರೇ ಅಂಗಡಿ ಹಾಕಿದರು. ಅವರು ತಂದದ್ದು ಬಿಳಿ ಪೆಟ್ಟಿಗೆ. ಅದರಲ್ಲಿ ಬಣ್ಣ ಜಾಸ್ತಿ, ಸಂಗೀತ ಬೇರೆ. ಮಕ್ಕಳಿಗೆ ಕೇಳಬೇಕಾ, ಎಲ್ಲ ರಸ್ತೆ ದಾಟಿದವು. ಶೀನಪ್ಪಣ್ಣನ ಅಂಗಡಿಯಲ್ಲಿ ಬೆಂಚು ಮಾತ್ರ ಉಳಿಯಿತು. ಆದರೆ ಬಿಳಿ ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಪರದೇಶದ ಆಟ. “ಕಾಕಾ, ನಮ್ಮ ಬಸ್ಸಿನ ಆಟ ಇಲ್ಲವಾ?” ಅಂತ ಮಕ್ಕಳು ಅವರ ಜೀವ ತಿಂದವು.

ಕರಿ ಪೆಟ್ಟಿಗೆಗೆ ಬರೆದ ಆಟ ಬಿಳಿ ಪೆಟ್ಟಿಗೆಗೆ ತಿಳಿಯುದಿಲ್ಲ. ತುಳು ಬಾರದವನಿಗೆ ತುಳುವಿನಲ್ಲಿ ಬೈದ ಹಾಗೆ, ಸುಮ್ಮನೆ ಕೂತಿರುತ್ತದೆ. ಎಲ್ಲ ಹೊಸತಾಗಿ ಕಟ್ಟಬೇಕು. ಮೂಸಕುಂಞಿ ಚೆನ್ನಕೇಶವನನ್ನು ಕೇಳಿದರು. ಇವ ಕೈಮುಗಿದು, ಆಣೆ ಉಂಟು ಆಗುದಿಲ್ಲ ಅಂದ. ಸರಿ, ಶೀನಪ್ಪಣ್ಣನಿಗಾದರೂ ಹೊಸ ಆಟ ಬೇಕಾ ಅಂದರೆ ಅವರಿಗೂ ಬೇಡ. ಆಡುವ ಮಕ್ಕಳೇ ಇಲ್ಲವಲ್ಲ! ಪೈಪೋಟಿ ಆ ಇಬ್ಬರು ಅಂಗಡಿಯವರದ್ದು, ಕೈಕಟ್ಟಿ ಕೂತದ್ದು ಆಟ ಕಟ್ಟುವವ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು.

ಆಗ ಸೇವಂತಿ ನನ್ನ ಅಂಗಡಿಗೆ ಬಂದು, ಗುಂಡಿ ಡಬ್ಬಿಯಲ್ಲಿ ಕೈಯಾಡಿಸುತ್ತಾ ಹೇಳಿದಳು, “ಅಕ್ಕಾ, ಆಣೆ ಹಾಕಿದ್ದು ಇವರು. ನಾನಲ್ಲ.”

ನಾನು ಹೊಲಿಗೆ ನಿಲ್ಲಿಸಿದೆ. “ಬೇಡ ಮಾರಾಯ್ತಿ, ದೈವದ ಹತ್ತಿರ ವಕೀಲಿಕೆ ಮಾಡಬೇಡ” ಅಂದೆ.

“ವಕೀಲಿಕೆ ಎಂತ? ಯಾರು ಹೇಳಿದ್ದು, ಯಾರು ಹೇಳಲಿಲ್ಲ ಅಂತ ದೈವಕ್ಕೆ ಗೊತ್ತಿಲ್ಲವಾ?” ಅಂತ ನಕ್ಕಳು.

ಮೂಸಕುಂಞಿಯ ಹೆಂಡತಿ ನೆಬೀಸ ಒಳ್ಳೆಯ ಹೆಂಗಸು. ಒಂದು ಬಿಳಿ ಪೆಟ್ಟಿಗೆಯನ್ನು ಮನೆಯ ಒಳಕೋಣೆಯಲ್ಲಿ ಇಟ್ಟುಕೊಟ್ಟು, ಅಪ್ಪಿಯನ್ನು ತನ್ನ ಮಕ್ಕಳೊಟ್ಟಿಗೆ ಆಡಲು ಬಿಡುತ್ತಿದ್ದಳು. ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಮೊದಲು ಸೇವಂತಿ ಅಲ್ಲಿ ಕೂತು ಕೀಲಿ ಒತ್ತುದು. ಈ ಸಲ ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಪೇಪರ್ ಓದುತ್ತಿದ್ದ. ಅವಳು ಕಟ್ಟುತ್ತಿದ್ದದ್ದು ‘ನೆಟ್ಟಣದ ರೈಲು’. ನೆಟ್ಟಣ ಸ್ಟೇಷನ್ನಿನಿಂದ ಗಾಡಿ ಘಾಟಿ ಹತ್ತಬೇಕು. ಸುರಂಗ ಬರುತ್ತದೆ, ಟಿ.ವಿ. ಪೂರಾ ಕತ್ತಲೆ. ಆನೆ ಹಳಿಯ ಮೇಲೆ ನಿಂತಿರುತ್ತದೆ, ಕೂಗು ಹಾಕಿ ಓಡಿಸಬೇಕು. ನನಗೆ ತೋರಿಸುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅವಳು ಅಷ್ಟು ಚಂದ ಕಂಡಿರಲಿಲ್ಲ, ಸತ್ಯ ಹೇಳುತ್ತೇನೆ.

ಆದರೆ ಹೆದರಿಕೆ ಆಗಲೇ ಒಳಗೆ ಹೊಕ್ಕಿತ್ತು. ಮೊದಲು ಅವಳು ಆಟ ತುಂಬಿಸಿಡುತ್ತಿದ್ದ ಟೇಪ್ ಸಿಕ್ಕಿಹಾಕಿಕೊಂಡು ಕಟ್ಟಿದ್ದಷ್ಟೂ ಹೋಯಿತು. ಟೇಪ್ ಅಂದಮೇಲೆ ಸಿಕ್ಕಿಹಾಕಿಕೊಳ್ಳುದೇ, ಅದಕ್ಕೆ ದೈವ ಬೇಕಾ? ಅವಳಿಗೆ ಸಮಾಧಾನ ಆಗಲಿಲ್ಲ. ಪೂಜೆಗೆ ಒಡೆದ ತೆಂಗಿನಕಾಯಿ ಕೊಳೆತಿತ್ತು, ಅದೂ ಲೆಕ್ಕಕ್ಕೆ ಬಂತು. ಕೀಲಿ ಒತ್ತುವಾಗ ಕರೆಂಟು ಹೋದರೆ ಎದ್ದು ಓಡಿಹೋಗಿ ಅಂಗಳದಲ್ಲಿ ಆಡುವ ಅಪ್ಪಿಯನ್ನು ಅಪ್ಪಿಹಿಡಿದುಕೊಳ್ಳುವಳು. “ಬಿಟ್ಟುಬಿಡು ಹಾಗಾದರೆ” ಅಂದೆ. “ಬಿಡಲಿಕ್ಕೆ ಆಗುದಿಲ್ಲ ಅಕ್ಕಾ. ಆನೆ ಇನ್ನೂ ಸರಿಯಾಗಿ ನಡೆಯುದಿಲ್ಲ” ಅಂದಳು. ಹೇಳಿ, ಇಂಥವಳಿಗೆ ಎಂತ ಮಾಡುದು?

ಆಟ ಮುಗಿದು ಮೂಸಕುಂಞಿಯ ಅಂಗಡಿಯಲ್ಲಿ ಹಾಕಿದ ದಿನ ರಸ್ತೆಯ ವರೆಗೆ ಮಕ್ಕಳು. ಆನೆ ಬಂದಾಗಲೆಲ್ಲ ಬೊಬ್ಬೆಯೋ ಬೊಬ್ಬೆ. ಎದುರು ಶೀನಪ್ಪಣ್ಣ ತನ್ನ ಖಾಲಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಬೈಯಲಿಲ್ಲ, ಉಗುಳಲಿಲ್ಲ. ನಾನು ಬಟ್ಟೆ ಕತ್ತರಿಸುತ್ತಾ ಅವರನ್ನೇ ನೋಡುತ್ತಿದ್ದೆ. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅದೇ ವಾರ ಅಪ್ಪಿಗೆ ಜ್ವರ ಬಂತು. ಸೇವಂತಿ ಮೇಲೆ ಕ್ಲಾಸಿನಲ್ಲಿದ್ದಳು, ಮಗು ನನ್ನ ಅಂಗಡಿಯಲ್ಲಿ ಬಟ್ಟೆಯ ರಾಶಿಯ ಮೇಲೆ ಮಲಗಿತ್ತು. ಇದ್ದಕ್ಕಿದ್ದ ಹಾಗೆ ಕಣ್ಣು ಮೇಲೆ ಮಾಡಿತು. ಮೈ ಸೆಟೆಯಿತು, ಬಾಯಲ್ಲಿ ನೊರೆ. ಅಯ್ಯೋ ದೇವರೇ, ನಾನು ಕೂಗಿದ ಕೂಗು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಸೇವಂತಿ ಮೆಟ್ಟಿಲು ಇಳಿದು ಬಂದವಳು ಮಗುವಿನ ಮುಖ ನೋಡಲಿಲ್ಲ, ಬಲಗೈ ನೋಡಿದಳು. ಬೆರಳುಗಳು ಬಾಗಿಕೊಂಡು ಒಂದೊಂದೇ ಅದುರುತ್ತಿದ್ದವು.

ಡಾಕ್ಟರು ಮದ್ದು ಕೊಟ್ಟರು. “ಜ್ವರ ಏರಿದಾಗ ಸಣ್ಣ ಮಕ್ಕಳಿಗೆ ಹೀಗೆ ಆಗುದುಂಟು, ದೊಡ್ಡದಾಗುವಾಗ ಹೋಗ್ತದೆ. ಹೆದರುದು ಬೇಡ” ಅಂದರು. ಅವರು ಹೇಳಿದ್ದು ಸರಿಯೇ, ಈಗ ನನಗೆ ಗೊತ್ತು. ಆದರೆ ಆಗ ಸೇವಂತಿಯ ಕಿವಿಗೆ ಯಾವುದೂ ಹೋಗಲಿಲ್ಲ. “ಅಕ್ಕಾ, ಬೆರಳು ನೋಡಿದಿಯಾ? ನಾನು ಕೀಲಿ ಒತ್ತುವ ಹಾಗೇ ಇತ್ತು” ಅಂತ ಅದನ್ನೇ ಹೇಳಿದಳು. ಎರಡು ದಿನ ಬಿಟ್ಟು ಮಗುವಿಗೆ ಇನ್ನೊಮ್ಮೆ ಹಾಗೇ ಆಯಿತು. ಅಷ್ಟಾದ ಮೇಲೆ ಸೇವಂತಿ ಊಟ ಬಿಟ್ಟಳು. ಮಗುವನ್ನು ತಾನು ಮುಟ್ಟಿದರೆ ಎಂತಾದರೂ ಆದೀತು ಅಂತ ನನ್ನ ಕೈಗೆ ಕೊಟ್ಟು ದೂರ ಕೂತಳು. ಹೆತ್ತ ತಾಯಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಬಾಯಿ ಬಿಟ್ಟವ ಗಂಡ, ಬೇಯುವವಳು ಇವಳು. ನಾನು ಚೆನ್ನಕೇಶವನಿಗೆ ಮುಖಕ್ಕೆ ಹೇಳಿದೆ, “ನಿಮ್ಮ ನಾಲಗೆಯನ್ನು ಹೊಲಿಯುವ ಸೂಜಿ ನನ್ನಲ್ಲಿ ಉಂಟು.” ಅವ ತಲೆತಗ್ಗಿಸಿ ಅತ್ತುಬಿಟ್ಟ.

ಹಾಕಿದ ಆಣೆ ಬಿಡಿಸಲಿಕ್ಕೆ ಕ್ರಮ ಉಂಟು. ಯಾರಿಗೆ ಮಾತು ಕೊಟ್ಟದ್ದೋ ಅವರೇ, ಅದೇ ದೈವದ ಎದುರು, ಮಾತು ಕೊಟ್ಟವನ ಅಂಗೈಗೆ ನೀರು ಹೊಯ್ದು ‘ಬಿಟ್ಟೆ’ ಅನ್ನಬೇಕು. ಶೀನಪ್ಪಣ್ಣನಿಗೆ ಹೇಳಿ ಕಳಿಸಿದೆವು. ಬನ್ನಿ ಅಂದರು. ಬೆಳಿಗ್ಗೆ ನಾವು ಮೂವರೂ ಹೋದೆವು, ಅಪ್ಪಿ ನನ್ನ ಹೆಗಲಲ್ಲಿ. ಜ್ವರ ಇಳಿದಿತ್ತು, ಆದರೆ ಮಗು ಬಾಡಿಹೋಗಿತ್ತು.

ಶೀನಪ್ಪಣ್ಣ ಮಿಂದು ಬಂದು ನಿಂತಿದ್ದರು, ಕೈಯಲ್ಲಿ ಚೊಂಬು. ಚೆನ್ನಕೇಶವನ ಅಂಗೈಗೆ ನೀರು ಹೊಯ್ದು “ಬಿಟ್ಟೆ” ಅಂದರು. ಇಷ್ಟು ಸುಲಭವಾ ಅಂತ ನನಗೇ ಆಶ್ಚರ್ಯ. ಆಮೇಲೆ ಅವರು ಸೇವಂತಿಯ ಕಡೆ ತಿರುಗಿದರು.

“ರೈಲು ಕಟ್ಟಿದ್ದು ನೀನಲ್ಲವಾ ತಂಗಿ?”

“ಹೌದು.”

“ಇವನದ್ದು ನಾನು ಬಿಟ್ಟೆ. ಇವ ಆಣೆಗೆ ತಪ್ಪಿದ್ದೇ ಇಲ್ಲ, ಪಾಪ. ನಿನ್ನದನ್ನು ಬಿಡಿಸುದು ಹೇಗೆ? ನೀನು ಆಣೆ ಹಾಕಲೇ ಇಲ್ಲವಲ್ಲ.”

ಸೇವಂತಿ ಮಗುವನ್ನು ನೋಡಿದಳು, ದೈವದ ಸ್ಥಾನ ನೋಡಿದಳು. ಕಡೆಗೆ ಹೇಳಿದಳು, “ಹಾಗಾದರೆ ನನ್ನ ಕೈಯಲ್ಲಿ ಆಣೆ ಹಾಕಿಸಿ ಶೀನಪ್ಪಣ್ಣ. ಹಾಕಿಸಿ, ಬಿಡಿಸಿ.”

“ಏ ಸೇವಂತಿ, ಮರುಳಾ ನಿನಗೆ?” ಅಂತ ನಾನು ಕೈ ಹಿಡಿದೆಳೆದೆ. ಕೊಸರಿಕೊಂಡಳು. ಗಂಧ ಅವಳ ಅಂಗೈಗೆ ಬಿತ್ತು. ಗಂಡ ಹೇಳಿದ್ದ ಮಾತುಗಳನ್ನೇ ಹೇಳಿದಳು. ಶೀನಪ್ಪಣ್ಣನ ಕರಿ ಪೆಟ್ಟಿಗೆಗಲ್ಲದೆ ಬೇರೆ ಯಾರ ಮಿಷನಿಗೂ ಆಟ ಕಟ್ಟುದಿಲ್ಲ. ತಪ್ಪಿದರೆ ನನ್ನ ಸಂತಾನಕ್ಕೆ ತಟ್ಟಲಿ. ಹೇಳಿ ಮುಗಿಸಿ ನೀರಿಗೆ ಅಂಗೈ ಚಾಚಿದಳು.

ಶೀನಪ್ಪಣ್ಣ ಚೊಂಬನ್ನು ಕೆಳಗಿಟ್ಟರು.

“ಇದು ಇರಲಿ” ಅಂದರು.

“ಇರಲಿ ಅಂದರೆ ಎಂತ ಮಾರಾಯ್ರೆ? ನೀವು ಮನುಷ್ಯರಾ?” ಅಂತ ನಾನು ದೈವದ ಎದುರೇ ಕೂಗಿದೆ.

“ನಾನು ಒತ್ತಾಯ ಮಾಡಿದ್ದಾ? ಅವಳೇ ಕೇಳಿದ್ದು. ನನಗೂ ಹೆಂಡತಿ ಮಕ್ಕಳುಂಟು ದೇವಕಿಯಕ್ಕ. ಇವಳು ಎದುರಂಗಡಿಗೆ ಇನ್ನೆರಡು ಆಟ ಕಟ್ಟಿದರೆ ನಾನು ಬಾಗಿಲು ಹಾಕುದೇ. ನನಗೆ ಹೆದರಿಕೆ ಇಲ್ಲವಾ?” ಅಂದವರು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಸೇವಂತಿ ಅಂಗೈ ಚಾಚಿಕೊಂಡೇ ನಿಂತಿದ್ದಳು. ನಾನೇ ಅದನ್ನು ಮಡಚಿ ಕೆಳಗಿಳಿಸಿದೆ.

ದಾರಿಯಲ್ಲಿ ನಾನು ಶಾಪ ಹಾಕುತ್ತಲೇ ಬಂದೆ. ಅವಳು ಅಳಲಿಲ್ಲ. ಮಗುವನ್ನು ನನ್ನಿಂದ ಕೇಳಿ ಎತ್ತಿಕೊಂಡಳು, ಅಷ್ಟು ದಿನದ ಮೇಲೆ. “ಈಗ ಸರಿಯಾಯಿತು ಅಕ್ಕಾ. ಕಟ್ಟದಿದ್ದರೆ ಆಯಿತಲ್ಲ” ಅಂದಳು.

ಆ ಕರಿ ಪೆಟ್ಟಿಗೆ ಮುಂದಿನ ಮಳೆಗಾಲದಲ್ಲಿ ಸಿಡಿಲು ಹೊಡೆದು ಸತ್ತಿತು. ಶೀನಪ್ಪಣ್ಣ ಅಂಗಡಿ ಮುಚ್ಚಿ ಮಗನ ಹತ್ತಿರ ಬೊಂಬಾಯಿಗೆ ಹೋದರು, ಅಲ್ಲಿಯೇ ತೀರಿಕೊಂಡರು. ಬಿಡಿಸುವವರು ಇಲ್ಲ, ಕಟ್ಟಲಿಕ್ಕೆ ಆ ಪೆಟ್ಟಿಗೆಯೂ ಇಲ್ಲ. ಚೆನ್ನಕೇಶವ ಮೂಸಕುಂಞಿಗೆ ಒಂದು ಆಟ ಕಟ್ಟಲು ಕೂತ. ಅವಳಿಲ್ಲದೆ ಅವನಿಂದ ಆಗಲಿಲ್ಲ.

‘ನೆಟ್ಟಣದ ರೈಲು’ ಮಾತ್ರ ಎದುರಂಗಡಿಯಲ್ಲಿ ಓಡುತ್ತಲೇ ಇತ್ತು. ಮೂಸಕುಂಞಿ ಅದನ್ನು ತೆಗೆಯುತ್ತೇನೆ ಅಂದದ್ದುಂಟು, ಮಕ್ಕಳು ಬಿಡಲಿಲ್ಲ. ಎಂಬತ್ತೊಂಬತ್ತರಲ್ಲಿ ಅಪ್ಪಿ ಬಾಲವಾಡಿಗೆ ಹೋಗುತ್ತಿದ್ದಳು, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಒಂದು ಮಧ್ಯಾಹ್ನ ಆ ಅಂಗಡಿಯಿಂದ ನನ್ನ ಅಂಗಡಿಗೆ ಓಡಿಬಂದಳು. ಸೇವಂತಿ ನನ್ನೊಟ್ಟಿಗೆ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು.

“ಅಮ್ಮಾ, ಆ ರೈಲು ನೀನು ಕಟ್ಟಿದ್ದಂತೆ, ಹೌದಾ? ನನಗೂ ಒಂದು ಕಟ್ಟಿಕೊಡ್ತೀಯಾ?”

ಸೇವಂತಿ ಮಗಳ ಬೆವರು ಒರೆಸಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಹೇಳಿದಳು.

“ಯಾರು ಹೇಳಿದ್ದು ಮಗಾ? ಅದು ನಾನಲ್ಲ. ನನಗೆ ಅದೆಲ್ಲ ಬರುದಿಲ್ಲ.”