ಕಪ್ಪು ಪರದೆಯ ಮುಂದೆ

ಮಾನಿಟರ್ ಪೂರ್ತಿ ಕಪ್ಪಾಗಿತ್ತು. ಅದರ ಮುಂದೆ ಕುಳಿತ ಯುವತಿ ಮಾತ್ರ ಏನೂ ಆಗಿಲ್ಲವೆಂಬಂತೆ ಟೈಪ್ ಮಾಡುತ್ತಲೇ ಇದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಕಂಪ್ಯೂಟರ್ ವಿಪರೀತ ನಿಧಾನ, ಏನು ಬದಲಿಸಿದರೆ ವೇಗ ಬರುತ್ತದೆ ನೋಡಿ ಎಂದು ಅವಳು ಫೋನ್ ಮಾಡಿದ್ದಳು. ಹೆಮ್ಮಾಡಿಯ ನನ್ನ ರಿಪೇರಿ ಅಂಗಡಿಯಿಂದ ಸಿದ್ದಾಪುರದ ಆ ಮನೆಗೆ ಬರುವಾಗ, ಈಗಿನವರಿಗೆ ಗೇಮ್, ವಿಡಿಯೊ ತಾನೇ, ಪರದೆಯ ಚಿತ್ರ ಚುರುಕಾಗಿಸುವ ಗ್ರಾಫಿಕ್ಸ್ ಕಾರ್ಡ್ ಹಾಕಿದರಾಯಿತು ಎಂದುಕೊಂಡಿದ್ದೆ.

“ಸ್ಕ್ರೀನೇ ಹಾಳಾಯ್ತಲ್ಲ ತಂಗಿ, ಗೊತ್ತಾಯ್ಲಿಲ್ಯಾ?” ಎಂದೆ.

“ಹೌದಾ? ನಂಗೆ ಹ್ಯಾಂಗ್ ಗೊತ್ತಾತ್ತ್ ಅಣ್ಣ? ನಂಗೆ ಕಣ್ಣ್ ಕಾಂತಿಲ್ಲೆ.”

ಅವಳಿಗೆ ಕಣ್ಣು ಕಾಣದೆಂದು ಆಗಷ್ಟೇ ತಿಳಿಯಿತು. ಒಳಗೆ ಬಂದು ಅವಳ ಪಕ್ಕ ನಿಂತೆ. ಅವಳೇ ಇಯರ್‌ಫೋನ್ ತೆಗೆದು ನನ್ನತ್ತ ಚಾಚಿದಳು. ಟೈಪ್ ಮಾಡಿದ್ದನ್ನು ಓದಿ ಹೇಳುವ ದನಿಯೊಂದು ಅದರಲ್ಲಿತ್ತು. ಆದರೆ ಅಕ್ಷರ ಒತ್ತಿ ಎಷ್ಟೋ ಹೊತ್ತಾದ ಮೇಲೆ ಅದು ಮಾತಾಡುತ್ತಿತ್ತು. ಭಾಷಣಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವುದು ಅವಳ ಉದ್ಯೋಗ. ತಡವಾಗುತ್ತದೆಂದು ಕೆಲಸ ಕೊಡುವವರು ಒಬ್ಬೊಬ್ಬರೇ ದೂರವಾಗುತ್ತಿದ್ದರಂತೆ.

“ಅದ್ ಬೇಗ ಮಾತಾಡ್ರೆ ಸಾಕ್ ಅಣ್ಣ” ಎಂದಳು.

ಮರುದಿನ ಹಳೆಯ ಹಾರ್ಡ್ ಡಿಸ್ಕ್ ಕಳಚಿ ಅದಕ್ಕಿಂತ ಎಷ್ಟೋ ವೇಗದ ಎಸ್‌ಎಸ್‌ಡಿ ಹಾಕಿದೆ, ರ‍್ಯಾಮ್ ಕೂಡ ಹೆಚ್ಚಿಸಿದೆ. ಅವಳು ಒಂದು ಅಕ್ಷರ ಒತ್ತಿದ್ದೇ ತಡ, ಕಿವಿಯಲ್ಲಿ ದನಿ ಕೇಳಿತು. ಬೆಚ್ಚಿಬಿದ್ದವಳು ಮರುಗಳಿಗೆ ಜೋರಾಗಿ ನಕ್ಕಳು.

ಈಗ ಯಾರೇ ಫೋನ್ ಮಾಡಲಿ, “ನೀವ್ ಕಂಪ್ಯೂಟರಲ್ಲಿ ಎಂತ ಕೆಲ್ಸ ಮಾಡ್ತ್ರಿ?” ಎಂದು ಮೊದಲು ಕೇಳುತ್ತೇನೆ. ಉತ್ತರ ಬರುವವರೆಗೆ ಏನು ಹಾಕಬೇಕೆಂದು ಊಹಿಸದೆ ಇರುವುದನ್ನೂ ಕಲಿತಿದ್ದೇನೆ.