ದುಫಿಯೆಯ ಎರಡು ಕೆಂಪು ಗೆರೆಗಳು

ಕುಮಾಸಿ ಪಟ್ಟಣದ ಹಳೇ ತಾಫೊ ಬಡಾವಣೆಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡಿಗೂ ದುಫಿಯೆಯ ಮನೆಯಂಗಳಕ್ಕೂ ನಡುವೆ ಒಂದು ತಗಡಿನ ಗೋಡೆ ಅಷ್ಟೇ. ಹದಿನಾಲ್ಕು ವರ್ಷ ಅವಳನ್ನು ಗೇಲಿ ಮಾಡಿದವರಲ್ಲಿ ನಾನೇ ಮೊದಲಿಗ. ಇದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ.

ಗೇಟು, ಕಿಟಕಿ ಸರಳು ಮಾಡಿ ಬದುಕುವ ಹೆಂಗಸು ಅವಳು. ಗುಜರಿಯ ಮೋಟಾರು, ಹಳೇ ಪ್ರಿಂಟರಿನ ಪಟ್ಟಿ, ಯಾರೋ ಬಿಸಾಕಿದ ಕಂಪ್ಯೂಟರು, ಇಷ್ಟನ್ನು ಜೋಡಿಸಿ ಮಾವಿನ ಮರದ ಕೆಳಗೆ ತಾನೇ ಒಂದು ಸಿಎನ್‌ಸಿ ಮೇಜು ಕಟ್ಟಿಕೊಂಡಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಸಾಕು, ಬೆಂಕಿ ಉಗುಳುವ ಪ್ಲಾಸ್ಮಾ ಟಾರ್ಚು ತಾನಾಗಿ ಓಡಾಡಿ ಕಬ್ಬಿಣವನ್ನು ಅದೇ ಆಕಾರಕ್ಕೆ ಕತ್ತರಿಸುತ್ತದೆ. ತೊಂದರೆ ಒಂದೇ: ಮೊದಲ ಕಿಡಿ ಎಲ್ಲಿ ಬೀಳುತ್ತದೆ ಎನ್ನುವುದನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಕು. ಅಂದಾಜು ತಪ್ಪಿ ಎಷ್ಟೋ ಕಬ್ಬಿಣದ ಹಾಳೆ ಗುಜರಿಗೇ ವಾಪಸು ಹೋದವು. ಕೊನೆಗೆ ಬೇಸತ್ತು, ಟಾರ್ಚನ್ನು ಹೊತ್ತು ಓಡಾಡುವ ಗಾಡಿಯ ಎರಡು ಮಗ್ಗುಲಿಗೆ ಎರಡು ಪುಟ್ಟ ಲೇಸರ್ ದೀಪ ಕಟ್ಟಿದಳು. ಎರಡೂ ಒಂದೊಂದು ಕೆಂಪು ಗೆರೆ ಚೆಲ್ಲುತ್ತವೆ. ಗೆರೆಗಳು ಸೇರುವ ಜಾಗವೇ ಕಿಡಿ ಬೀಳುವ ಜಾಗ.

“ಬೆಂಕಿಗೇ ದೀಪ ಹಿಡೀತೀಯೇನಮ್ಮಾ?” ಎಂದು ಗೋಡೆಯಾಚೆಯಿಂದ ಕೇಳಿದೆ.

“ನಿಮ್ಮ ಗೇಟುಗಳನ್ನ ನೋಡಿದ್ರೆ ನಿಮಗೂ ಒಂದು ಕಟ್ಟಿಕೊಡ್ಬೇಕು ಅನ್ಸುತ್ತೆ, ಮಾಸ್ಟರ್,” ಎಂದಳು. ನನ್ನ ಕೆಲಸದವರೆಲ್ಲ ನಕ್ಕರು. ನಾನು ನಗಲಿಲ್ಲ.

ಅದಾಗಿ ಎರಡು ವಾರಕ್ಕೆ, ಒಂದು ಶನಿವಾರ ಬೆಳಿಗ್ಗೆ, ಅವಳ ಸೋದರಮಾವ ಅಮೊಆತೆಂಗ್ ಬಂದರು. ಮನೆತನದ ಯಜಮಾನರು. ಜೊತೆಗೆ ತಂದದ್ದು ಅವರ ತೀರಿಹೋದ ಹಿರಿಯರ ಪೀಠಗಳನ್ನಿಟ್ಟ ಕೋಣೆಯ ಬಾಗಿಲಿನ ಕಬ್ಬಿಣದ ಹಲಗೆ. ತಲೆಮಾರಿಗೊಬ್ಬರಂತೆ ಆ ಮನೆಯ ಕಮ್ಮಾರರು ಅದರಲ್ಲಿ ಒಂದೊಂದು ಚಿತ್ರ ಕೊರೆದಿದ್ದರು. ಆರನೆಯದು, ಟಗರಿನ ಕೊಂಬು, ಇದೇ ಅಮೊಆತೆಂಗ್ ಪ್ರಾಯದಲ್ಲಿ ಉಳಿಯಿಂದ ಕೊರೆದದ್ದು. ಏಳನೆಯ ಜಾಗ ಖಾಲಿ; ಅಲ್ಲಿ ಕೋಳಿಯ ಕಾಲಿನ ಚಿತ್ರ ಬರಬೇಕಿತ್ತು. ಅವರದು ತಾಯಿಯ ಕಡೆಯಿಂದ ಎಣಿಸುವ ಮನೆತನ; ಈ ತಲೆಮಾರಿನಲ್ಲಿ ಕಬ್ಬಿಣ ಹಿಡಿದವಳು ದುಫಿಯೆ ಒಬ್ಬಳೇ. ಮರುದಿನ ಭಾನುವಾರ ಅಕ್ವಾಸಿದಾಯ್, ಹಿರಿಯರಿಗೆ ಎಡೆ ಇಡುವ ದಿನ. ಅಷ್ಟರೊಳಗೆ ಬಾಗಿಲು ಅದರ ಜಾಗಕ್ಕೆ ಮರಳಬೇಕು.

ಹೆಂಗಸು, ಅದೂ ಯಂತ್ರದಲ್ಲಿ, ಹಿರಿಯರ ಬಾಗಿಲಿಗೆ ಕೈಹಾಕುವುದೇ ಎಂದು ಮನೆತನದಲ್ಲಿ ದೊಡ್ಡ ಗಲಾಟೆ ಆಗಿತ್ತಂತೆ. ಮುದುಕರು ಅಮೊಆತೆಂಗ್ ಯಾರ ಮಾತನ್ನೂ ಕೇಳಿರಲಿಲ್ಲ. ಆದರೆ ಹಲಗೆ ಕೆಟ್ಟರೆ ಇನ್ನೊಂದಿಲ್ಲ. ದುಫಿಯೆ ಮತ್ತೆ ಆ ಅಂಗಳದಲ್ಲಿ ತಲೆಯೆತ್ತುವ ಹಾಗಿಲ್ಲ, ಮುದುಕರ ಮಾತಿಗೂ ಕಾಸಿನ ಬೆಲೆ ಉಳಿಯುವುದಿಲ್ಲ. ಹೊರಲು ನನ್ನನ್ನು ಕರೆದರು. ಹಲಗೆಯ ಭಾರಕ್ಕಿಂತ, ಕೆಟ್ಟರೆ ಇನ್ನೊಂದಿಲ್ಲ ಎಂಬ ಮಾತೇ ನನಗೆ ಭಾರವಾಯಿತು.

ಮೇಜಿನ ಮೇಲೆ ಇಳಿಸುವಷ್ಟರಲ್ಲಿ ಮುದುಕರು ತಡೆದರು. ಹಿರಿಯರ ಪೀಠವನ್ನು ಬರೀ ನೆಲಕ್ಕೆ ತಾಗಿಸದ ಮನೆತನ ತಮ್ಮದು ಎಂದರು. ಕಂಡಕಂಡವರ ಗೇಟು ಕತ್ತರಿಸಿದ ಮೇಜಿಗೆ ಈ ಹಲಗೆ ತಾಗಬಾರದು, ಕೆಳಗೆ ಮರ ಇಡಿ ಎಂದರು. ಅದರಲ್ಲಿ ನಮಗೂ ತಪ್ಪೇನೂ ಕಾಣಲಿಲ್ಲ. ನಾಲ್ಕು ಬೆರಳು ಎತ್ತರದ ತುಂಡುಗಳನ್ನಿಟ್ಟು ಮೇಲೆ ಮಲಗಿಸಿದೆವು. ಹನ್ನೆರಡಕ್ಕೆ ಕರೆಂಟು ಹೋಗುವುದಿತ್ತು. ದುಫಿಯೆ ಗಾಡಿಯನ್ನು ಸರಿಸಿ, ಖಾಲಿ ಜಾಗದಲ್ಲಿ ಸೀಮೆಸುಣ್ಣದ ಚುಕ್ಕಿಯ ಮೇಲೆ ಎರಡು ಗೆರೆಗಳನ್ನೂ ಕೂಡಿಸಿದಳು. ಪಕ್ಕದ ಕೊಂಬಿಗೂ ಚುಕ್ಕಿಗೂ ಹೆಬ್ಬೆರಳಗಲದ ಅಂತರ.

ಎಲ್ಲರೂ ಕಪ್ಪು ಕನ್ನಡಕ ಹಾಕಿದೆವು. ಅವಳು ಗುಂಡಿ ಒತ್ತಿದಳು. ಟಾರ್ಚು ಇಳಿಯಿತು, ಕಿಡಿ ಚಿಮ್ಮಿತು. ಅದು ಚಿಮ್ಮಿದ್ದು ಟಗರಿನ ಕೊಂಬಿನ ಮೇಲೆ.

ದುಫಿಯೆ ಕೆಂಪು ಗುಂಡಿಯನ್ನು ಗುದ್ದಿದಳು. ಯಂತ್ರ ನಿಂತಿತು. ಕೊಂಬಿನ ನಡುವೆ ಬಟಾಣಿಯಷ್ಟು ತೂತು, ಇನ್ನೂ ಕೆಂಪಗಿತ್ತು. ಮುದುಕರು ತೂತನ್ನೇ ನೋಡುತ್ತ ನಿಂತರು. ವೆಲ್ಡ್ ಹಾಕಿ ಮುಚ್ಚಿ ಉಜ್ಜಿಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ದುಫಿಯೆ ಒಂದು ದಾರಕ್ಕೆ ನಟ್ಟು ಕಟ್ಟಿ ಟಾರ್ಚಿನ ಮೂತಿಯಿಂದ ಇಳಿಬಿಟ್ಟಳು. ನಟ್ಟು ತೂಗಿ ನಿಂತದ್ದು ತೂತಿನ ಮೇಲೆ. ಕೆಂಪು ಗೆರೆಗಳು ಕೂಡಿದ್ದು ಚುಕ್ಕಿಯ ಮೇಲೆ. ಆಗ ನನಗೂ ಅರ್ಥವಾಯಿತು. ಅವಳು ದೀಪಗಳನ್ನು ಟಾರ್ಚಿನ ಕಡೆಗೆ ವಾಲಿಸಿ ಕಟ್ಟಿದ್ದಳು. ಮೇಜಿನ ಮೇಲೆಯೇ ಮಲಗಿಸಿದ ಹಾಳೆಯ ಎತ್ತರಕ್ಕೆ ಮಾತ್ರ ಅವು ಸರಿ. ನಾಲ್ಕು ಬೆರಳು ಮೇಲೆದ್ದ ಹಲಗೆಯಲ್ಲಿ ಗೆರೆಗಳು ಬೇರೆ ಕಡೆ ಕೂಡಿದ್ದವು.

ಮುದುಕರು ಬಗ್ಗಿ ಮರದ ತುಂಡಿಗೆ ಕೈಹಾಕಿದರು. “ನಾನು ಹೇಳಿದ್ದರಿಂದಲೇ ಆಯ್ತು, ತೆಗೆದುಬಿಡಿ,” ಎಂದರು. ದುಫಿಯೆ ಅವರ ಕೈ ಹಿಡಿದಳು.

“ಮರದ ತಪ್ಪಲ್ಲ ವೊಫಾ,” ಎಂದಳು. ಸೋದರಮಾವನನ್ನು ಹಾಗೆಯೇ ಕರೆಯುವುದು. “ದೀಪ ವಾಲಿಸಿದ್ದು ನಾನು. ನಿಮ್ಮ ಕೊಂಬನ್ನ ಹಾಳು ಮಾಡಿದ್ದೂ ನಾನೇ. ಹಲಗೆ ತಗೊಂಡು ಹೋಗಿ. ನನ್ನ ಕೈಲಾಗಲ್ಲ.”

ಅದನ್ನು ಕೇಳಿ ನನಗೆ ಅವಳ ಮೇಲೆ ಮರುಕ ಬಂತು, ಹದಿನಾಲ್ಕು ವರ್ಷದ ನನ್ನ ನಾಲಿಗೆಯ ಮೇಲೆ ಹೇಸಿಗೆಯೂ ಬಂತು.

“ಬೇರೆ ಐದರಲ್ಲಿ ಯಾವುದರ ಮೇಲಾದ್ರೂ ಬಿದ್ದಿದ್ರೆ ಯಾರ ಹತ್ರ ಹೋಗಿ ಕ್ಷಮೆ ಕೇಳ್ತಿದ್ದೆ?” ಎಂದರು ಮುದುಕರು. “ಅವರೆಲ್ಲ ಹೋಗಿಬಿಟ್ಟಿದ್ದಾರೆ. ಇದು ನಂದು. ನಾನಿನ್ನೂ ಇದ್ದೀನಲ್ಲ. ಪರವಾಗಿಲ್ಲ ಅಂತ ನಾನೇ ಹೇಳ್ತಿದ್ದೀನಿ. ದೀಪ ಸರಿಮಾಡು.”

ಗಂಟೆ ಹನ್ನೊಂದು ದಾಟಿತ್ತು. ಸ್ಕ್ರೂ ನಾನು ತಿರುಗಿಸಿದೆ, ಅವಳು ಹೇಳುತ್ತ ಹೋದಳು. ದೀಪಗಳ ವಾಲನ್ನು ತೆಗೆದು, ಬೆಳಕು ಟಾರ್ಚಿನ ನೇರಕ್ಕೇ ನೆಟ್ಟಗೆ ಇಳಿಯುವಂತೆ ನಿಲ್ಲಿಸಿದೆವು. ದಾರದ ಉದ್ದಕ್ಕೂ, ಮೂತಿಯಿಂದ ನಟ್ಟಿನವರೆಗೆ, ಎರಡು ಗೆರೆಗಳೂ ಬಿದ್ದವು. ಒಂದು ತಗಡಿನ ಚೂರನ್ನು ಮೇಲೆ ಹಿಡಿದೆ, ಕೆಳಗೆ ಹಿಡಿದೆ. ಗೆರೆಗಳು ಕೂಡುವ ಜಾಗ ಕದಲಲಿಲ್ಲ. ಆದರೂ ಅವಳಿಗೆ ಗುಂಡಿ ಒತ್ತುವ ಧೈರ್ಯ ಬರಲಿಲ್ಲ. ಮುದುಕರು ಬಂದು ಅವಳ ಮಗ್ಗುಲಲ್ಲಿ ನಿಂತ ಮೇಲೆ ಒತ್ತಿದಳು. ತುಳಿದರೂ ಮರಿಯನ್ನು ಕೊಲ್ಲದು ಎನ್ನುವ ಆ ಕೋಳಿಯ ಕಾಲಿನ ಚಿತ್ರ ಕತ್ತರಿಸಿ ಮುಗಿದಾಗ ಕರೆಂಟು ಹೋಗಲು ಆರು ನಿಮಿಷವಿತ್ತು.

ಭಾನುವಾರ ನಾನೂ ಹೋದೆ. ಬಾಗಿಲನ್ನು ಜಾಗಕ್ಕೆ ಕೂರಿಸಿದ್ದರು. ಗಲಾಟೆ ಮಾಡಿದ್ದ ಮನೆತನದ ಒಬ್ಬ ಹಿರಿಯರು ನೇರವಾಗಿ ಕೊಂಬಿನ ತೂತಿಗೆ ಬೆರಳಿಟ್ಟು ದುಫಿಯೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಅಮೊಆತೆಂಗ್ ಮದ್ಯದ ಬಟ್ಟಲು ಎತ್ತಿ, ಹೊಸ್ತಿಲಿಗೆ ಹನಿಸುತ್ತ, ಕೋಣೆಯೊಳಗಿನ ಪೀಠಗಳ ಹಿರಿಯರಿಗೇ ಒಪ್ಪಿಸಿದರು:

“ಏಳನೇದನ್ನ ನನ್ನ ಅಕ್ಕನ ಮಗಳು ದುಫಿಯೆ ಕತ್ತರಿಸಿದ್ದಾಳೆ. ಆರನೇದರ ತೂತು ನನ್ನ ಮಾತಿಂದ ಬಿದ್ದಿದ್ದು. ನಮ್ಮಿಬ್ಬರನ್ನೂ ಗುರುತಿಟ್ಕೊಳ್ಳಿ.”